ಸ್ಲೌ ಪಟ್ಟಣದ ಸಂಸದ ಮತ್ತು ಹೈಡ್ರೋಜನ್ ಬಾಂಬ್: ಫೆನ್ನರ್ ಬ್ರಾಕ್‌ವೇ ಅವರ ಸಂಸದೀಯ ಬದುಕು



1964ರ ಅಕ್ಟೋಬರ್ 15ರಂದು ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಹದಿಮೂರು ವರ್ಷ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿದ್ದ ಲೇಬರ್ ಪಕ್ಷ ಹೆರಾಲ್ಡ್ ವಿಲ್ಸನ್ ಅವರ ನಾಯಕತ್ವದಲ್ಲಿ ಅಧಿಕಾರಕ್ಕೆ ಮರಳಿತು. ಗಾಳಿ ಪಕ್ಷದ ಕಡೆಗೇ ಬೀಸುತ್ತಿದ್ದ ಆ ಚುನಾವಣೆಯಲ್ಲಿ, ಲಂಡನ್ನಿಗೆ ಪಶ್ಚಿಮದಲ್ಲಿರುವ ಈಟನ್–ಸ್ಲೌ ಕ್ಷೇತ್ರದ ಹಾಲಿ ಲೇಬರ್ ಸಂಸದರು ಸೋತರು. ಅಂತರ 11 ಮತ. ಸೋತವರ ವಯಸ್ಸು 75. ಅವರ ಹೆಸರು ಫೆನ್ನರ್ ಬ್ರಾಕ್‌ವೇ.

ಇಂದಿನ ಉಪನ್ಯಾಸ ಅವರನ್ನು ಕುರಿತದ್ದು. ಬ್ರಾಕ್‌ವೇ ಎಂದೂ ಮಂತ್ರಿಯಾದವರಲ್ಲ. ಅವರು ಒಂಬತ್ತು ಸಲ ಸದನದ ಮುಂದೆ ತಂದ ಒಂದು ಮಸೂದೆ ಒಂದು ಸಲವೂ ಅಂಗೀಕಾರ ಪಡೆಯಲಿಲ್ಲ. ಅವರು ವಿರೋಧಿಸಿದ ಬಾಂಬನ್ನು ಅವರ ದೇಶ ತಯಾರಿಸಿಯೇ ತೀರಿತು. ಲೆಕ್ಕದ ಪುಸ್ತಕ ಹಿಡಿದು ಕೂತರೆ ಕೈಗೆ ಹತ್ತುವ ಫಲ ಬಹಳ ಕಡಿಮೆ. ಆದರೂ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಒಬ್ಬ ಸಾಮಾನ್ಯ ಸದಸ್ಯ ಸಂಸತ್ತಿನೊಳಗೆ ಏನೆಲ್ಲ ಮಾಡಬಲ್ಲ, ಎಲ್ಲಿ ಅವನ ಕೈ ಕಟ್ಟಿಹೋಗುತ್ತದೆ ಎಂಬುದನ್ನು ತಿಳಿಯಲು ಅವರಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಅವರ ಹಿನ್ನೆಲೆಯನ್ನು, ಅದರಲ್ಲೂ ಭಾರತದ ನಂಟನ್ನು ಚುಟುಕಾಗಿ ನೋಡೋಣ. ಆಮೇಲೆ ಅಣುಬಾಂಬು ಸಂಸತ್ತಿನೊಳಗೆ ಬಂದ ಬಗೆಯನ್ನೂ ಅದರ ಎದುರು ಅವರು ನಿಂತ ರೀತಿಯನ್ನೂ ಗಮನಿಸೋಣ. ಮೂರನೆಯದಾಗಿ ಅವರ ಕ್ಷೇತ್ರವಾದ ಸ್ಲೌ, ಅಲ್ಲಿನ ವಲಸೆಗಾರರು ಮತ್ತು ವರ್ಣಭೇದದ ವಿರುದ್ಧದ ಮಸೂದೆ. ಕೊನೆಯಲ್ಲಿ ಆ 11 ಮತಗಳು ಮತ್ತು ಅದರಾಚೆಯ ವರ್ಷಗಳು. ಆಫ್ರಿಕದ ವಸಾಹತುಗಳಿಗಾಗಿ ಅವರು ಮಾಡಿದ ಕೆಲಸ ಇನ್ನೊಂದು ಪೂರ್ಣ ಉಪನ್ಯಾಸಕ್ಕಾಗುವಷ್ಟಿದೆ. ಇಂದು ಅದನ್ನು ಅಗತ್ಯವಿದ್ದಷ್ಟೇ ಮುಟ್ಟುತ್ತೇನೆ.

ಆರ್ಚಿಬಾಲ್ಡ್ ಫೆನ್ನರ್ ಬ್ರಾಕ್‌ವೇ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1888ರ ನವೆಂಬರ್ 1ರಂದು. ತಂದೆ ಲಂಡನ್ ಮಿಷನರಿ ಸೊಸೈಟಿಗೆ ಸೇರಿದವರು. ಆ ಕಾಲದ ಮಿಷನರಿ ಕುಟುಂಬಗಳ ರೂಢಿಯಂತೆ ಹುಡುಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳಿಸಲಾಯಿತು. ಬೆಳೆದು ಪತ್ರಕರ್ತರಾದರು. ವರದಿಗಾರನಾಗಿ ಲೇಬರ್ ಪಕ್ಷದ ಮೂಲಪುರುಷ ಕೀರ್ ಹಾರ್ಡಿಯವರ ಸಂದರ್ಶನಕ್ಕೆ ಹೋದ ತರುಣ ಹೊರಬರುವಾಗ ಸಮಾಜವಾದಿಯಾಗಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ, ಕಡ್ಡಾಯ ಸೇನಾ ಸೇವೆಯನ್ನು ಒಪ್ಪದವರ ಸಂಘಟನೆಯೊಂದನ್ನು ಕ್ಲಿಫರ್ಡ್ ಆಲನ್ ಜೊತೆ ಸೇರಿ ಕಟ್ಟಿದರು. ಅದಕ್ಕಾಗಿ ಮತ್ತೆ ಮತ್ತೆ ಸೆರೆಮನೆ ಸೇರಿದರು, ಒಂಟಿ ಕೋಣೆಯ ಶಿಕ್ಷೆ ಅನುಭವಿಸಿದರು. ಬಿಡುಗಡೆಯಾದದ್ದು ಯುದ್ಧ ಮುಗಿದು ತಿಂಗಳುಗಳಾದ ಮೇಲೆ, 1919ರಲ್ಲಿ. ಹೊರಗೆ ಬಂದವರು ಸುಮ್ಮನಿರಲಿಲ್ಲ. ಸ್ಟೀಫನ್ ಹಾಬ್‌ಹೌಸ್ ಅವರೊಂದಿಗೆ ಇಂಗ್ಲೆಂಡಿನ ಜೈಲುಗಳ ಸ್ಥಿತಿಯ ಬಗ್ಗೆ ದೊಡ್ಡ ಅಧ್ಯಯನವೊಂದನ್ನು 1922ರಲ್ಲಿ ಪ್ರಕಟಿಸಿದರು. ಅವರ ಜೀವನದುದ್ದಕ್ಕೂ ಕಾಣುವ ಸ್ವಭಾವ ಇಲ್ಲಿಯೇ ಗೋಚರಿಸುತ್ತದೆ. ತಮ್ಮ ಮೈಗೆ ತಾಗಿದ ನೋವನ್ನು ಅವರು ಸ್ವಂತದ ಅಳಲಾಗಿ ಉಳಿಸಿಕೊಳ್ಳುತ್ತಿರಲಿಲ್ಲ. ಅದೇ ನೋವು ಇನ್ನೂ ಎಷ್ಟು ಜನಕ್ಕಿದೆ ಎಂದು ಹುಡುಕಿಕೊಂಡು ಹೋಗುತ್ತಿದ್ದರು.

ಭಾರತದ ಸ್ವಾತಂತ್ರ್ಯ ಚಳವಳಿ ಅವರಿಗೆ ದೂರದ ಸಂಗತಿಯಾಗಿರಲಿಲ್ಲ. 1927ರಲ್ಲಿ ಇಲ್ಲಿಗೆ ಬಂದಿದ್ದಾಗ ವಾಹನ ಅಪಘಾತದಲ್ಲಿ ಗಾಯಗೊಂಡು ಮದ್ರಾಸಿನಲ್ಲಿ ಆಸ್ಪತ್ರೆ ಸೇರಬೇಕಾಯಿತು. ಕಾಂಗ್ರೆಸ್ ಅಧಿವೇಶನ ಆ ವರ್ಷ ಮದ್ರಾಸಿನಲ್ಲೇ ಇತ್ತು. ಗಾಂಧೀಜಿ ಆಸ್ಪತ್ರೆಗೆ ಬಂದು ಅವರನ್ನು ಕಂಡರು.

1929ರಲ್ಲಿ ಬ್ರಾಕ್‌ವೇ ಪೂರ್ವ ಲೇಟನ್ ಕ್ಷೇತ್ರದಿಂದ ಮೊದಲ ಬಾರಿಗೆ ಕಾಮನ್ಸ್ ಸಭೆಗೆ ಬಂದರು. ಮರುವರ್ಷ ಉಪ್ಪಿನ ಸತ್ಯಾಗ್ರಹ. ಗಾಂಧಿ, ನೆಹರೂ ಸೇರಿದಂತೆ ಸಾವಿರಾರು ಜನ ಜೈಲಿನಲ್ಲಿದ್ದರು. ಭಾರತದ ಬಗ್ಗೆ ಚರ್ಚೆಗೆ ಸಮಯ ಕೊಡಿ ಎಂದು ಬ್ರಾಕ್‌ವೇ ಪಟ್ಟು ಹಿಡಿದರು. ಅಧಿಕಾರದಲ್ಲಿದ್ದದ್ದು ಅವರದೇ ಲೇಬರ್ ಪಕ್ಷ. 1930ರ ಜುಲೈ 17ರಂದು ಸ್ಪೀಕರ್ ಕೂರುವಂತೆ ಹೇಳಿದರೂ ಅವರು ಕೂರಲಿಲ್ಲ. ಅವರನ್ನು ಅಮಾನತು ಮಾಡುವ ನಿರ್ಣಯ ಮತಕ್ಕೆ ಬಂತು. ಮತದಾನ ನಡೆಯುತ್ತಿದ್ದಾಗ ಅವರ ಸಂಗಾತಿ ಜಾನ್ ಬೆಕೆಟ್ ಎದ್ದುಬಂದು ಮೇಜಿನ ಮೇಲಿದ್ದ ರಾಜದಂಡವನ್ನೇ ಎತ್ತಿಕೊಂಡು ಹೊರಟುಬಿಟ್ಟರು. ದಂಡ ಮೇಜಿನ ಮೇಲಿಲ್ಲದಿದ್ದರೆ ಸಭೆ ನಡೆಯುವಂತಿಲ್ಲ. ಬಾಗಿಲ ಬಳಿ ಅದನ್ನು ಅವರ ಕೈಯಿಂದ ಬಿಡಿಸಿಕೊಂಡು ಮರಳಿ ಇಡಲಾಯಿತು. ಬ್ರಿಟಿಷ್ ಸಂಸತ್ತಿನ ಇತಿಹಾಸ ಬರೆಯುವವರು ಈ ಪ್ರಸಂಗವನ್ನು ಬಿಡುವುದಿಲ್ಲ. ಅದರ ಮೂಲದಲ್ಲಿ ಇದ್ದದ್ದು ಭಾರತದ ಕೈದಿಗಳ ಪ್ರಶ್ನೆ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ.

1931ರಲ್ಲಿ ಸೋಲು, ಮರುವರ್ಷ ಲೇಬರ್ ಪಕ್ಷದಿಂದಲೇ ದೂರ, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ತಮ್ಮ ಸಂಪೂರ್ಣ ಶಾಂತಿವಾದದ ಮರುಪರಿಶೀಲನೆ, 1946ರಲ್ಲಿ ಮತ್ತೆ ಲೇಬರ್ ಪಕ್ಷಕ್ಕೆ. ಹೀಗೆ ಸುತ್ತುಬಳಸಿ 1950ರ ಫೆಬ್ರವರಿಯಲ್ಲಿ ಅವರು ಈಟನ್–ಸ್ಲೌನಿಂದ ಗೆದ್ದು ಸಂಸತ್ತಿಗೆ ಮರಳಿದಾಗ ವಯಸ್ಸು 61. ಬಹುಪಾಲು ಜನ ನಿವೃತ್ತಿಯ ಮಾತಾಡುವ ವಯಸ್ಸಿನಲ್ಲಿ ಅವರ ನಿಜವಾದ ಸಂಸದೀಯ ಬದುಕು ಶುರುವಾಯಿತು.

ಈಗ ಎರಡನೆಯ ವಿಷಯಕ್ಕೆ, ಬಾಂಬಿನ ವಿಷಯಕ್ಕೆ ಬರೋಣ.

ಬ್ರಿಟನ್ ತನ್ನದೇ ಅಣುಬಾಂಬು ಮಾಡಬೇಕೆಂಬ ತೀರ್ಮಾನ ಆದದ್ದು 1947ರ ಜನವರಿಯಲ್ಲಿ. ತೀರ್ಮಾನ ಮಾಡಿದ್ದು ಪ್ರಧಾನಿ ಕ್ಲೆಮೆಂಟ್ ಆಟ್ಲಿ ಮತ್ತು ಕೈಬೆರಳಿನಲ್ಲಿ ಎಣಿಸಬಹುದಾದಷ್ಟು ಮಂತ್ರಿಗಳ ಒಂದು ಗುಪ್ತ ಸಮಿತಿ. ಪೂರ್ಣ ಸಂಪುಟಕ್ಕೇ ಗೊತ್ತಿರಲಿಲ್ಲ ಎಂದಮೇಲೆ ಸಂಸತ್ತಿನ ಮಾತು ದೂರ ಉಳಿಯಿತು. 1948ರ ಮೇ ತಿಂಗಳಲ್ಲಿ ಜಾರ್ಜ್ ಜೆಗರ್ ಎಂಬ ಸದಸ್ಯರು ಆಧುನಿಕ ಆಯುಧಗಳ ಬಗ್ಗೆ ಕೇಳಿದ ಒಂದು ಪ್ರಶ್ನೆಗೆ ಉತ್ತರಿಸುತ್ತ, ಅಣ್ವಸ್ತ್ರವೂ ಸೇರಿದಂತೆ ಎಲ್ಲ ಬಗೆಯ ಆಯುಧಗಳೂ ಅಭಿವೃದ್ಧಿಯಾಗುತ್ತಿವೆ ಎಂದು ರಕ್ಷಣಾ ಮಂತ್ರಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಇಡೀ ರಾಷ್ಟ್ರದ ಭವಿಷ್ಯಕ್ಕೆ ಸಂಬಂಧಿಸಿದ ಸುದ್ದಿ ಸದನಕ್ಕೆ ಮುಟ್ಟಿದ್ದು ಹೀಗೆ, ಒಂದು ಸಾಧಾರಣ ಪ್ರಶ್ನೋತ್ತರದ ನಡುವೆ ನುಸುಳಿ. 1951ರಲ್ಲಿ ಮತ್ತೆ ಪ್ರಧಾನಿಯಾದ ಚರ್ಚಿಲ್ ಅವರೇ, ಹಿಂದಿನ ಸರ್ಕಾರ ಸುಮಾರು 10 ಕೋಟಿ ಪೌಂಡುಗಳನ್ನು ಸಂಸತ್ತಿಗೆ ತಿಳಿಯದಂತೆ ಈ ಕೆಲಸಕ್ಕೆ ಹೊಂದಿಸಿದ್ದನ್ನು ಕಂಡು ಬೆರಗಾದರು. 1952ರ ಅಕ್ಟೋಬರ್ 3ರಂದು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಾಚೆಯ ಮಾಂಟೆ ಬೆಲ್ಲೊ ದ್ವೀಪಗಳಲ್ಲಿ ಬ್ರಿಟನ್ನಿನ ಮೊದಲ ಬಾಂಬು ಸಿಡಿಯಿತು.

ಈ ಮೌನವನ್ನು ಒಡೆದದ್ದು ಬ್ರಿಟನ್ನಿನ ಬಾಂಬಲ್ಲ, ಅಮೆರಿಕದ್ದು. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಶಕ್ತಿ 15 ಮೆಗಾಟನ್, ವಿಜ್ಞಾನಿಗಳು ಎಣಿಸಿದ್ದಕ್ಕಿಂತ ಎರಡೂವರೆ ಪಟ್ಟು. ಅಪಾಯದ ವಲಯವೆಂದು ಸಾರಿದ್ದ ಗಡಿಯ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ‘ಲಕ್ಕಿ ಡ್ರ್ಯಾಗನ್’ ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಯೂ ವಿಕಿರಣಕ್ಕೆ ತುತ್ತಾದರು. ಅವರಲ್ಲಿ ಐಕಿಚಿ ಕುಬೊಯಾಮ ಆ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮೊದಲು ಎಚ್ಚೆತ್ತು ಮಾತಾಡಿದವರಲ್ಲಿ ಭಾರತದ ಪ್ರಧಾನಿ ಒಬ್ಬರು. ಏಪ್ರಿಲ್ 2ರಂದು ಲೋಕಸಭೆಯಲ್ಲಿ ನೆಹರೂ, ಪೂರ್ಣ ಒಪ್ಪಂದ ಆಗುವವರೆಗೆ ಪರೀಕ್ಷೆಗಳನ್ನಾದರೂ ನಿಲ್ಲಿಸಿ ಎಂದು ಕರೆ ಕೊಟ್ಟರು. ಮೂರು ದಿನಗಳ ನಂತರ ಏಪ್ರಿಲ್ 5ರಂದು ಕಾಮನ್ಸ್ ಸಭೆ ಹೈಡ್ರೋಜನ್ ಬಾಂಬಿನ ಬಗ್ಗೆ ಚರ್ಚಿಸಿತು. ದೊಡ್ಡ ರಾಷ್ಟ್ರಗಳ ನಾಯಕರು ಸೇರಿ ಮಾತಾಡಬೇಕೆಂಬ ಆಟ್ಲಿಯವರ ನಿರ್ಣಯ ಮತದಾನವಿಲ್ಲದೆ ಅಂಗೀಕಾರವಾಯಿತು.

ಅಂಗೀಕಾರವಾದ ನಿರ್ಣಯ ಕಾಗದದಲ್ಲೇ ಉಳಿದೀತು ಎಂಬ ಶಂಕೆ ಲೇಬರ್ ಪಕ್ಷದ ಹಿಂದಿನ ಸಾಲಿನ ಕೆಲವರಿಗಿತ್ತು. ಅದೇ ತಿಂಗಳು ಅವರು ಹೈಡ್ರೋಜನ್ ಬಾಂಬಿನ ಬಗ್ಗೆ ರಾಷ್ಟ್ರೀಯ ಆಂದೋಲನವೊಂದನ್ನು ಆರಂಭಿಸಿದರು. ಮೆಥಡಿಸ್ಟ್ ಬೋಧಕ ಡೊನಾಲ್ಡ್ ಸೋಪರ್ ಮುಂದಾಳು. ಸಂಸದರಲ್ಲಿ ಬ್ರಾಕ್‌ವೇ, ಆಂಟನಿ ಗ್ರೀನ್‌ವುಡ್, ಸರ್ ರಿಚರ್ಡ್ ಆಕ್‌ಲಂಡ್ ಮತ್ತು ಆಗಿನ್ನೂ 29ರ ಹರಯದ ಟೋನಿ ಬೆನ್ ಇದ್ದರು. ಸುಮಾರು ಮೂರೂವರೆ ಲಕ್ಷ ಜನರ ಸಹಿ ಸಂಗ್ರಹಿಸಿ ವರ್ಷದ ಕೊನೆಗೆ ಸರ್ಕಾರದ ಮುಂದಿಟ್ಟರು. 1958ರಲ್ಲಿ ಹುಟ್ಟಿ ಜಗತ್ತಿಗೆಲ್ಲ ಪರಿಚಿತವಾದ ಅಣ್ವಸ್ತ್ರ ನಿಶ್ಶಸ್ತ್ರೀಕರಣ ಆಂದೋಲನಕ್ಕೆ ನಾಲ್ಕು ವರ್ಷ ಮೊದಲೇ ನೆಲ ಹದ ಮಾಡಿದ್ದು ಈ ಸಣ್ಣ ಗುಂಪು. ಇತಿಹಾಸದ ಪುಸ್ತಕಗಳು ಇವರಿಗೆ ಎರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಅದು ಅನ್ಯಾಯವೆಂದೇ ನನ್ನ ಭಾವನೆ.

ಸಹಿ ಸಂಗ್ರಹ ನಡೆಯುತ್ತಿದ್ದಾಗಲೇ, 1954ರ ಜುಲೈನಲ್ಲಿ, ಚರ್ಚಿಲ್ ಸಂಪುಟ ಬ್ರಿಟನ್ನಿನದೇ ಹೈಡ್ರೋಜನ್ ಬಾಂಬು ತಯಾರಿಸಲು ಗುಟ್ಟಾಗಿ ನಿರ್ಧರಿಸಿತ್ತು. ಸಂಸತ್ತಿಗೆ ಅದು ತಿಳಿದದ್ದು 1955ರ ಫೆಬ್ರವರಿಯ ರಕ್ಷಣಾ ಶ್ವೇತಪತ್ರದಿಂದ. ಮಾರ್ಚ್ 1 ಮತ್ತು 2ರಂದು ನಡೆದ ಚರ್ಚೆಯಲ್ಲಿ ಚರ್ಚಿಲ್ ತಮ್ಮ ಕೊನೆಯ ಮಹಾಭಾಷಣ ಮಾಡಿದರು. ಲೇಬರ್ ನಾಯಕತ್ವ ಬಾಂಬನ್ನು ಒಪ್ಪಿಕೊಂಡಿತು. ಅನ್ಯೂರಿನ್ ಬೆವನ್ ಸ್ವಂತ ನಾಯಕರನ್ನೇ ಪ್ರಶ್ನಿಸಿದರು. ಸುಮಾರು 60 ಲೇಬರ್ ಸದಸ್ಯರು ಪಕ್ಷದ ತಿದ್ದುಪಡಿಗೆ ಮತ ಹಾಕದೆ ದೂರ ಉಳಿದರು. ಆಕ್‌ಲಂಡ್ ಒಂದು ಹೆಜ್ಜೆ ಮುಂದೆ ಹೋಗಿ, ಬಾಂಬಿನ ಪ್ರಶ್ನೆಯ ಮೇಲೆಯೇ ಉಪಚುನಾವಣೆ ಎದುರಿಸುತ್ತೇನೆಂದು ಗ್ರೇವ್ಸೆಂಡ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಸಾರ್ವತ್ರಿಕ ಚುನಾವಣೆಯೇ ಬಂದು, ಅವರು ಸೋತು ಸಂಸತ್ತಿನಿಂದ ಕಣ್ಮರೆಯಾದರು. ಬ್ರಾಕ್‌ವೇ ಆ ದಾರಿ ಹಿಡಿಯಲಿಲ್ಲ. ಒಳಗೇ ಉಳಿದು ಮತ್ತೆ ಮತ್ತೆ ಎದ್ದು ನಿಲ್ಲುವುದನ್ನು ಆರಿಸಿಕೊಂಡರು. ಎರಡರಲ್ಲಿ ಯಾವುದು ಹೆಚ್ಚು ಧೈರ್ಯದ್ದು ಎಂದು ತೂಗುವುದು ಸುಲಭವಲ್ಲ. ಯಾವುದು ಹೆಚ್ಚು ಕಾಲ ಬಾಳಿತು ಎಂಬುದಕ್ಕೆ ಮಾತ್ರ ಮುಂದಿನ ಒಂಬತ್ತು ವರ್ಷಗಳ ಸಂಸದೀಯ ದಾಖಲೆ ಸಾಕ್ಷಿ.

ಇಲ್ಲಿ ಕ್ಷಣಕಾಲ ಕೊವೆಂಟ್ರಿ ನಗರದ ಕಡೆ ತಿರುಗಬೇಕು. ಅಣುಬಾಂಬು ಹೇಗೆ ಊರಿನ ಪ್ರಶ್ನೆಯೂ ಹೌದು ಎಂಬುದನ್ನು ಆ ನಗರ ತೋರಿಸಿಕೊಟ್ಟಿತು. 1940ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳ ದಾಳಿಗೆ ಸಿಕ್ಕಿ ನಡುವೂರೇ ನೆಲಸಮವಾಗಿದ್ದ ನಗರ ಅದು. ಬಾಂಬಿನ ದಾಳಿಯಾದರೆ ಜನರನ್ನು ಕಾಪಾಡುವ ನಾಗರಿಕ ರಕ್ಷಣೆಯ ಸಿದ್ಧತೆ ಕಾನೂನಿನಂತೆ ನಗರಸಭೆಯ ಹೊಣೆ. 1954ರ ಏಪ್ರಿಲ್‌ನಲ್ಲಿ ಕೊವೆಂಟ್ರಿ ನಗರಸಭೆ, ಹೈಡ್ರೋಜನ್ ಬಾಂಬಿನ ಎದುರು ಈ ಸಿದ್ಧತೆಗೆ ಅರ್ಥವೇ ಇಲ್ಲವೆಂದು ತನ್ನ ನಾಗರಿಕ ರಕ್ಷಣಾ ಸಮಿತಿಯನ್ನು ವಿಸರ್ಜಿಸಿತು. ಸರ್ಕಾರ ಸಿಟ್ಟಿಗೆದ್ದು ಆ ಕೆಲಸಕ್ಕೆ ತಾನೇ ಜನರನ್ನು ನೇಮಿಸಿತು. ಬಾಂಬಿನ ಬೆಂಕಿಯನ್ನು ಕಂಡುಂಡ ಊರಿನ ಕೌನ್ಸಿಲರುಗಳು ಆಡಿದ ಆ ಮಾತನ್ನು ಲಂಡನ್ನಿನ ಮಂತ್ರಿಗಳು ಪಕ್ಷ ರಾಜಕೀಯವೆಂದು ತಳ್ಳಿಹಾಕಿದರು.

ಬ್ರಾಕ್‌ವೇ ಅವರಿಗೆ ಬಾಂಬಿನ ಪ್ರಶ್ನೆ ವಸಾಹತುಗಳ ಪ್ರಶ್ನೆಯಿಂದ ಬೇರೆಯಾಗಿರಲಿಲ್ಲ. ಹೈಡ್ರೋಜನ್ ಬಾಂಬಿನ ಆಂದೋಲನ ಹುಟ್ಟಿದ ಅದೇ 1954ರಲ್ಲಿ ಅವರು ವಸಾಹತುಗಳ ಬಿಡುಗಡೆಗಾಗಿ ಇನ್ನೊಂದು ಸಂಘಟನೆಯನ್ನೂ ಕಟ್ಟಿದರು. ಕೀನ್ಯಾದಲ್ಲಿ ತುರ್ತುಸ್ಥಿತಿ ಘೋಷಣೆಯಾದಾಗ ಸಹ ಸಂಸದ ಲೆಸ್ಲಿ ಹೇಲ್ ಜೊತೆ ಅಲ್ಲಿಗೇ ಹೋಗಿ ಬಂದು ಸದನದಲ್ಲಿ ಮಾತಾಡಿದ್ದರು. ಈ ಎರಡು ಕೆಲಸಗಳನ್ನು ಬೆಸೆಯುವ ಒಂದು ಲೆಕ್ಕ ಇದೆ. 1952ರಿಂದ 1958ರವರೆಗೆ ಬ್ರಿಟನ್ ವಾತಾವರಣದಲ್ಲಿ ನಡೆಸಿದ ಅಣುಪರೀಕ್ಷೆಗಳು 21. ಅವುಗಳಲ್ಲಿ 12 ಆಸ್ಟ್ರೇಲಿಯಾದಲ್ಲಿ, ಮಾಂಟೆ ಬೆಲ್ಲೊ, ಎಮು ಫೀಲ್ಡ್ ಮತ್ತು ಮರಳಿಂಗಾ ಎಂಬಲ್ಲಿ. ಉಳಿದ 9 ಪೆಸಿಫಿಕ್ಕಿನ ಮಾಲ್ಡನ್ ಮತ್ತು ಕ್ರಿಸ್‌ಮಸ್ ದ್ವೀಪಗಳಲ್ಲಿ. ಬ್ರಿಟನ್ನಿನ ನೆಲದ ಮೇಲೆ ಒಂದೂ ಇಲ್ಲ. ಮರಳಿಂಗಾ ಎಂಬುದು ಮೂಲನಿವಾಸಿಗಳನ್ನು ಹೊರಗೆ ಸಾಗಿಸಿ ತೆರವು ಮಾಡಿಸಿದ ಪ್ರದೇಶ. ಯಾರ ಮೈಮೇಲೆ ಬೂದಿ ಬೀಳುತ್ತದೆಯೋ ಅವರನ್ನು ಒಂದು ಮಾತು ಕೇಳಿದ್ದೀರಾ? ಬ್ರಾಕ್‌ವೇ ಅವರ ಸಂಸದೀಯ ಕೆಲಸವನ್ನೆಲ್ಲ ಒಂದೇ ಪ್ರಶ್ನೆಯಾಗಿ ಹಿಂಡಿದರೆ ಉಳಿಯುವುದು ಇದು. ಅವರು ಅದನ್ನು ಈ ಶಬ್ದಗಳಲ್ಲಿ ಕೇಳಿದರೆಂದು ಹೇಳುತ್ತಿಲ್ಲ. ಅವರ ಬದುಕನ್ನು ಓದಿದಾಗ ನನಗೆ ಕೇಳಿಸುವ ಪ್ರಶ್ನೆ ಇದು.

1957ರ ಅಕ್ಟೋಬರಿನಲ್ಲಿ ಬೂದಿ ಬ್ರಿಟನ್ನಿನ ಹೊಲಗಳ ಮೇಲೂ ಬಿತ್ತು. ವಾಯುವ್ಯ ಇಂಗ್ಲೆಂಡಿನ ಕಡಲತಡಿಯ ವಿಂಡ್‌ಸ್ಕೇಲ್‌ನಲ್ಲಿ, ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸುತ್ತಿದ್ದ ರಿಯಾಕ್ಟರ್ ಹೊತ್ತಿಕೊಂಡಿತು. ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಕೂತು ಹಸುಗಳ ಹಾಲಿಗಿಳಿಯಿತು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ರೈತರು ವಾರಗಟ್ಟಲೆ ಹಾಲು ಕರೆದು ಚೆಲ್ಲಿದರು. ವಿಲಿಯಂ ಪೆನ್ನಿಯವರ ತನಿಖಾ ವರದಿಯ ಪೂರ್ಣಪಾಠವನ್ನು ಪ್ರಧಾನಿ ಮ್ಯಾಕ್‌ಮಿಲನ್ ಹೊರಬಿಡಲಿಲ್ಲ. ಅಮೆರಿಕದೊಂದಿಗೆ ಅಣ್ವಸ್ತ್ರ ಸಹಕಾರದ ಮಾತುಕತೆ ನಡೆಯುತ್ತಿತ್ತು. ಬ್ರಿಟನ್ನಿನ ಸಾಮರ್ಥ್ಯದ ಮೇಲೆ ಅನುಮಾನ ಮೂಡುವುದು ಅವರಿಗೆ ಬೇಡವಾಗಿತ್ತು. ಹಾಲು ಚೆಲ್ಲಿದ ರೈತನಿಗೆ ತನ್ನ ಹಸುವಿಗೆ ಏನಾಯಿತೆಂಬ ಪೂರ್ತಿ ಸತ್ಯ ತಿಳಿಯುವ ಹಕ್ಕು ಆ ಲೆಕ್ಕಾಚಾರದಲ್ಲಿ ಎಲ್ಲೂ ಬರಲಿಲ್ಲ.

ಮುಂದಿನ ಈಸ್ಟರ್ ಹಬ್ಬಕ್ಕೆ, 1958ರ ಏಪ್ರಿಲ್‌ನಲ್ಲಿ, ಸಾವಿರಾರು ಜನ ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಅಣ್ವಸ್ತ್ರ ಸಂಶೋಧನಾ ಕೇಂದ್ರವಿದ್ದ ಆಲ್ಡರ್‌ಮಾಸ್ಟನ್‌ಗೆ ನಾಲ್ಕು ದಿನ ನಡೆದರು. ಸುಮಾರು 80 ಕಿಲೋಮೀಟರ್ ದಾರಿ. ಮೊದಲ ರಾತ್ರಿಯ ತಂಗುದಾಣ ಹೌನ್‌ಸ್ಲೋ, ಎರಡನೆಯದು ಮೇಡನ್‌ಹೆಡ್. ಇವೆರಡರ ನಡುವೆ ಬಾತ್ ರಸ್ತೆಯ ಮೇಲೆ ಇರುವ ಪಟ್ಟಣವೇ ಸ್ಲೌ. ನಾವೂ ಈಗ ಅಲ್ಲಿಗೆ, ಅಂದರೆ ಮೂರನೆಯ ವಿಷಯಕ್ಕೆ ಬಂದಂತಾಯಿತು.

ಈಟನ್–ಸ್ಲೌ ವಿಚಿತ್ರ ಜೋಡಿಯ ಕ್ಷೇತ್ರ. ಒಂದು ಕಡೆ ಈಟನ್ ಕಾಲೇಜು: ದೇಶವನ್ನಾಳಿದ ಪ್ರಧಾನಿಗಳು ಸಾಲಾಗಿ ಓದಿದ, ಮ್ಯಾಕ್‌ಮಿಲನ್ ಕೂಡ ಓದಿದ ಶಾಲೆ. ಇನ್ನೊಂದು ಕಡೆ ಮೊದಲ ಮಹಾಯುದ್ಧದ ಕಾಲದ ಲಾರಿ ದುರಸ್ತಿ ಡಿಪೋ ಇದ್ದ ಜಾಗದಲ್ಲಿ 1920ರಿಂದ ಬೆಳೆದ ಕೈಗಾರಿಕಾ ಬಡಾವಣೆ. ಮಾರ್ಸ್ ಕಂಪನಿಯ ಚಾಕೊಲೇಟ್ ತಯಾರಾಗುತ್ತಿದ್ದದ್ದು ಅಲ್ಲಿ. ನಮ್ಮ ಮನೆಗಳಿಗೆಲ್ಲ ಪರಿಚಿತವಾದ ಹಾರ್ಲಿಕ್ಸ್‌ನ ಕಾರ್ಖಾನೆ ಇದ್ದದ್ದೂ ಇದೇ ಊರಿನಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಗಣಿಗಳು ಮುಚ್ಚಿದಾಗ ದಕ್ಷಿಣ ವೇಲ್ಸ್‌ನ ಕಾರ್ಮಿಕರು ಕೆಲಸ ಹುಡುಕಿ ಬಂದು ಸೇರಿದ ಊರು ಇದು. ಯುದ್ಧದ ನಂತರ ಲಂಡನ್ ಕೌಂಟಿ ಕೌನ್ಸಿಲ್ ತನ್ನ ಬಾಂಬುಪೀಡಿತ ಬಡಾವಣೆಗಳ ಜನರಿಗಾಗಿ ಬ್ರಿಟ್‌ವೆಲ್, ಲ್ಯಾಂಗ್ಲಿಗಳಲ್ಲಿ ಮನೆಗಳ ಸಾಲು ಕಟ್ಟಿಸಿತು. ಆಮೇಲೆ ಕೆರಿಬಿಯನ್ ದ್ವೀಪಗಳಿಂದ, ವಿಶೇಷವಾಗಿ ಪುಟ್ಟ ಅಂಗ್ವಿಲಾದಿಂದ, ಪಂಜಾಬಿನಿಂದ, ಪಾಕಿಸ್ತಾನದಿಂದ ಜನ ಬಂದರು. ಹೊರಗಿನಿಂದ ಬಂದವರೇ ಕಟ್ಟಿದ ಊರು. ಆದರೆ ಮೊದಲು ಬಂದವರು ನಂತರ ಬಂದವರಿಗೆ ಬಾಗಿಲು ತೆರೆಯಲಿಲ್ಲ.

ಬ್ರಿಟನ್ನಿನಲ್ಲಿ ಆಗ ವರ್ಣಭೇದ ಕಾನೂನುಬಾಹಿರವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಬಾಡಿಗೆ ಕೋಣೆಯ ಜಾಹೀರಾತಿನಲ್ಲಿ ಕರಿಯರಿಗೆ ಇಲ್ಲವೆಂದು ಬರೆಯಬಹುದಿತ್ತು, ನೃತ್ಯಶಾಲೆಯ ಬಾಗಿಲಲ್ಲಿ ತಡೆಯಬಹುದಿತ್ತು, ಕಾರ್ಖಾನೆಯಲ್ಲಿ ಕೆಲಸ ನಿರಾಕರಿಸಬಹುದಿತ್ತು. ವೆಸ್ಟ್ ಇಂಡೀಸಿನ ಖ್ಯಾತ ಕ್ರಿಕೆಟಿಗ ಲಿಯರಿ ಕಾನ್‌ಸ್ಟೆಂಟೈನ್ ಅವರನ್ನೇ 1943ರಲ್ಲಿ ಲಂಡನ್ನಿನ ಹೋಟೆಲೊಂದು ಹೊರಗಟ್ಟಿತ್ತು. ಅವರು ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಆದರೆ ಗೆದ್ದದ್ದು ಪ್ರಯಾಣಿಕರಿಗೆ ತಂಗಲು ಜಾಗ ಕೊಡಬೇಕೆಂಬ ಹಳೆಯ ಛತ್ರದ ಕಾನೂನಿನ ಆಧಾರದಲ್ಲಿ. ಸಿಕ್ಕ ಪರಿಹಾರ ಐದು ಗಿನಿ, ಅಂದರೆ ಐದು ಪೌಂಡಿಗಿಂತ ತುಸು ಹೆಚ್ಚು. ಮೈಬಣ್ಣ ನೋಡಿ ಹೊರಗಟ್ಟಿದ್ದು ತಪ್ಪೆಂದು ಹೇಳುವ ಕಾನೂನು ಇರಲೇ ಇಲ್ಲ.

1956ರಲ್ಲಿ ಬ್ರಾಕ್‌ವೇ ಆ ಕಾನೂನಿನ ಕರಡನ್ನು ಹಿಡಿದು ಎದ್ದು ನಿಂತರು. ವಸತಿಗೃಹ, ನೃತ್ಯಶಾಲೆ, ಹೋಟೆಲು, ಬಾಡಿಗೆ ಒಪ್ಪಂದ, ಉದ್ಯೋಗ ಇವುಗಳಲ್ಲಿ ಬಣ್ಣ ಮತ್ತು ಜನಾಂಗದ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸುವ ಖಾಸಗಿ ಮಸೂದೆ ಅದು. ಅದು ಯಾಕೆ ದಡ ಸೇರಲಿಲ್ಲ ಎಂದು ತಿಳಿಯಲು ಸದನದ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ಸಾಲಿನ ಸದಸ್ಯರಿಗೆ ಹತ್ತು ನಿಮಿಷದ ನಿಯಮ ಎಂಬುದೊಂದಿದೆ. ಹತ್ತು ನಿಮಿಷ ಮಾತಾಡಿ ಮಸೂದೆ ಮಂಡಿಸಲು ಅನುಮತಿ ಕೇಳಬಹುದು. ವಿರೋಧಿಸುವ ಒಬ್ಬರಿಗೂ ಅಷ್ಟೇ ಸಮಯ. ಅನುಮತಿ ಸಿಕ್ಕರೂ ಎರಡನೆಯ ವಾಚನಕ್ಕೆ ಶುಕ್ರವಾರದವರೆಗೆ ಕಾಯಬೇಕು. ನಮ್ಮ ಲೋಕಸಭೆಯಲ್ಲೂ ಖಾಸಗಿ ಸದಸ್ಯರ ಮಸೂದೆಗಳಿಗೆ ಶುಕ್ರವಾರವೇ ಮೀಸಲು. ಆ ಪದ್ಧತಿಯ ಬೇರು ಅಲ್ಲಿಯದೇ. ಶುಕ್ರವಾರ ಮಧ್ಯಾಹ್ನ ಸಮಯ ಮುಗಿದ ಮೇಲೆ ಉಳಿದ ಮಸೂದೆಗಳ ಹೆಸರನ್ನು ಒಂದೊಂದಾಗಿ ಓದುತ್ತಾರೆ. ಆಗ ಕುಳಿತಲ್ಲಿಂದಲೇ ಒಬ್ಬ ಸದಸ್ಯ ಆಕ್ಷೇಪವಿದೆ ಎಂದು ಕೂಗಿದರೆ ಸಾಕು, ಮಸೂದೆ ಅಲ್ಲಿಗೆ ನಿಂತಿತು. ಕಾರಣ ಕೊಡಬೇಕಿಲ್ಲ, ಎದ್ದು ನಿಲ್ಲಬೇಕೆಂದೂ ಇಲ್ಲ.

ವರ್ಷ ಕಳೆಯಿತು, ಬ್ರಾಕ್‌ವೇ ಮತ್ತೆ ತಂದರು. ಮತ್ತೆ ನಿಂತಿತು. 1956ರಿಂದ 1964ರ ನಡುವೆ ಒಟ್ಟು ಒಂಬತ್ತು ಸಲ. ಬೆಂಬಲ ಹೆಚ್ಚಲೆಂದು ಉದ್ಯೋಗದ ಭಾಗವನ್ನು ಕೈಬಿಟ್ಟು ಮಸೂದೆಯನ್ನು ಕಿರಿದಾಗಿಸಿದ್ದೂ ಉಂಟು. ಸರ್ಕಾರದ ಉತ್ತರ ಬದಲಾಗಲಿಲ್ಲ: ಜನರ ಮನಸ್ಸನ್ನು ಕಾನೂನಿನಿಂದ ತಿದ್ದಲಾಗದು, ಶಿಕ್ಷಣ ಮತ್ತು ಸದ್ಭಾವನೆಯಿಂದಲೇ ಆಗಬೇಕು. ಅತ್ತ ಹೊರಗೆ 1958ರಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಗಲಭೆಗಳಾದವು. 1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪನಿ ಕರಿಯರನ್ನೂ ಏಷ್ಯದವರನ್ನೂ ಚಾಲಕ, ನಿರ್ವಾಹಕರಾಗಿ ತೆಗೆದುಕೊಳ್ಳುವುದಿಲ್ಲವೆಂದಾಗ ಅಲ್ಲಿನ ತರುಣರು ತಿಂಗಳುಗಟ್ಟಲೆ ಬಸ್ ಬಹಿಷ್ಕಾರ ನಡೆಸಿ ಗೆದ್ದರು. ಸಂಸತ್ತಿನೊಳಗಿನ ಒಂಟಿ ದನಿಗೆ ಹೊರಗಿನ ಬೀದಿ ಜೊತೆಯಾಗುತ್ತಿತ್ತು. ಒಂಬತ್ತು ಸಲ ಬಿದ್ದ ಮಸೂದೆ ವ್ಯರ್ಥವೆಂದು ನನಗೆ ಅನಿಸುವುದಿಲ್ಲ. ಪ್ರತಿ ಸಲವೂ ಅದು ಸರ್ಕಾರದ ಬಾಯಿಂದ ಒಂದು ಸಮರ್ಥನೆ ಹೊರಡಿಸಿತು. ಪ್ರತಿ ಸಲವೂ ಆ ಸಮರ್ಥನೆ ಮೊದಲಿಗಿಂತ ಪೇಲವವಾಗಿ ಕೇಳಿಸಿತು. ಕೆಲವು ವರ್ಷಗಳಲ್ಲಿ ಲೇಬರ್ ಪಕ್ಷವೇ ಇಂಥ ಕಾನೂನನ್ನು ತರುತ್ತೇನೆಂದು ತನ್ನ ಪ್ರಣಾಳಿಕೆಯಲ್ಲಿ ಬರೆದುಕೊಂಡಿತು.

ಉಪನ್ಯಾಸದ ಕೊನೆಯ ಭಾಗಕ್ಕೆ ಬಂದೆವು. ಆ ಪ್ರಣಾಳಿಕೆ ಗೆದ್ದ ಚುನಾವಣೆಯಲ್ಲೇ ಬ್ರಾಕ್‌ವೇ ಸೋತದ್ದು ಹೇಗೆ?

ಕಾಮನ್‌ವೆಲ್ತ್ ದೇಶಗಳಿಂದ ಬರುವವರಿಗೆ ತಡೆ ಹಾಕಿದ 1962ರ ವಲಸೆ ಕಾಯ್ದೆಯನ್ನು ಅವರು ಗಟ್ಟಿಯಾಗಿ ವಿರೋಧಿಸಿದ್ದರು. 1964ರಲ್ಲಿ ವಲಸೆಯೇ ಕೆಲವು ಕ್ಷೇತ್ರಗಳ ದೊಡ್ಡ ಪ್ರಶ್ನೆಯಾಯಿತು. ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆತ್‌ವಿಕ್‌ನಲ್ಲಿ, ವಿದೇಶಾಂಗ ಮಂತ್ರಿಯಾಗಬೇಕಿದ್ದ ಪ್ಯಾಟ್ರಿಕ್ ಗಾರ್ಡನ್ ವಾಕರ್ ಅವರೇ ವಲಸೆವಿರೋಧಿ ಪ್ರಚಾರದ ಎದುರು ಸೋತರು. ಸ್ಲೌ ಕೂಡ ಅದೇ ಬಿಸಿಯಲ್ಲಿ ಬೇಯುತ್ತಿತ್ತು. ಇದರ ಜೊತೆಗೆ, ಬ್ರಾಕ್‌ವೇ ಆಫ್ರಿಕದ ಸಂಸದರೇ ಹೊರತು ನಮ್ಮೂರಿನವರಲ್ಲ ಎಂಬ ದೂರು ಬಹಳ ಕಾಲದಿಂದ ಇತ್ತು. ಆ ಕ್ಷೇತ್ರದಲ್ಲಿ ಅವರ ಗೆಲುವಿನ ಅಂತರ ಯಾವತ್ತೂ ಭದ್ರವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. 11 ಮತಗಳ ಸೋಲಿಗೆ ಯಾವುದನ್ನು ಬೇಕಾದರೂ ಕಾರಣವೆನ್ನಬಹುದು, ಮತದಾನದ ದಿನ ಮನೆಯಲ್ಲೇ ಉಳಿದ ಒಂದು ಕುಟುಂಬವನ್ನು ಕೂಡ. ಆದರೆ ಆ ದೂರಿನ ಬಗ್ಗೆ ಒಂದು ಮಾತು ಹೇಳಬೇಕು. ಅಂಗ್ವಿಲಾದಿಂದ ಬಂದು ಸ್ಲೌನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರೂ, ಪಂಜಾಬಿನಿಂದ ಬಂದು ಕೋಣೆ ಸಿಗದೆ ಅಲೆದವರೂ ಆ ಕ್ಷೇತ್ರದ ಜನರೇ. ಅವರಿಗಾಗಿ ಮಾತಾಡಿದ ಸಂಸದ ಊರಿನ ಕೆಲಸವನ್ನೇ ಮಾಡುತ್ತಿದ್ದರು. ದೂರು ಹೇಳಿದವರು ‘ಊರು’ ಎಂದಾಗ ಈ ಜನರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಗೆದ್ದವರು ಕನ್ಸರ್ವೇಟಿವ್ ಪಕ್ಷದ ಆಂಟನಿ ಮೇಯರ್. 1966ರಲ್ಲಿ ಲೇಬರ್ ಪಕ್ಷದ ಜೋನ್ ಲೆಸ್ಟರ್ ಕ್ಷೇತ್ರವನ್ನು ಮರಳಿ ಪಡೆದರು. 1984ರಲ್ಲಿ ಅದೇ ಸ್ಲೌ, ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿದ ಲಿಡಿಯಾ ಸಿಮನ್ಸ್ ಅವರನ್ನು ಮೇಯರ್ ಸ್ಥಾನಕ್ಕೆ ಆರಿಸಿತು. ಬ್ರಿಟನ್ನಿನಲ್ಲಿ ಮೇಯರ್ ಆದ ಮೊದಲ ಕಪ್ಪು ಮಹಿಳೆ ಅವರು.

ಸೋತ ಬ್ರಾಕ್‌ವೇ ಅವರಿಗೆ ಲಾರ್ಡ್ಸ್ ಸಭೆಯ ಸದಸ್ಯತ್ವ ಬಂತು. ಆ ಸಭೆಯೇ ಇರಬಾರದೆಂದು ಜೀವನಪೂರ್ತಿ ವಾದಿಸಿದವರು ಅದನ್ನು ಒಪ್ಪಿಕೊಂಡರು. ಮಾತಾಡಲು ಒಂದು ವೇದಿಕೆ ಬೇಕಿತ್ತು. ಈ ನಿರ್ಧಾರವನ್ನು ಅವರ ಗೆಳೆಯರಲ್ಲಿ ಹಲವರು ಮೆಚ್ಚಲಿಲ್ಲ. ಅವರು ಅಲ್ಲಿ ಕುಳಿತಿದ್ದಾಗಲೇ 1965ರ ಜನಾಂಗ ಸಂಬಂಧಗಳ ಕಾಯ್ದೆ ಬಂತು. ಹೋಟೆಲು, ಚಿತ್ರಮಂದಿರ, ಸಾರ್ವಜನಿಕ ವಾಹನಗಳಲ್ಲಿ ವರ್ಣಭೇದ ಕಾನೂನುಬಾಹಿರವಾಯಿತು. ಅಂಗಡಿ ಮತ್ತು ಖಾಸಗಿ ವಸತಿಗೃಹಗಳನ್ನು ಆ ಕಾಯ್ದೆ ಮುಟ್ಟಲಿಲ್ಲ. ಮನೆ ಮತ್ತು ಉದ್ಯೋಗ ಸೇರಿದ್ದು 1968ರಲ್ಲಿ, ಅವರ ಮೊದಲ ಕರಡು ಬಿದ್ದುಹೋದ ಹನ್ನೆರಡು ವರ್ಷಗಳ ನಂತರ.

ಬಾಂಬಿನ ಪ್ರಶ್ನೆಯನ್ನೂ ಅವರು ಕೈಬಿಡಲಿಲ್ಲ. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ಆಕಾಶದಲ್ಲಿ, ಸಮುದ್ರದಲ್ಲಿ ಪರೀಕ್ಷೆ ಮಾಡುವುದನ್ನು ತಡೆಯಿತು. ಶಸ್ತ್ರಗಳ ರಾಶಿ ಮಾತ್ರ ಬೆಳೆಯುತ್ತಲೇ ಹೋಯಿತು. ತೊಂಬತ್ತು ದಾಟಿದ ಬ್ರಾಕ್‌ವೇ, ನೊಬೆಲ್ ಶಾಂತಿ ಪುರಸ್ಕೃತ ಫಿಲಿಪ್ ನೋಯೆಲ್-ಬೇಕರ್ ಜೊತೆ ಸೇರಿ ವಿಶ್ವ ನಿಶ್ಶಸ್ತ್ರೀಕರಣ ಆಂದೋಲನವನ್ನು ಕಟ್ಟಿದರು. ಇಬ್ಬರ ಹುಟ್ಟುಹಬ್ಬವೂ ನವೆಂಬರ್ 1. ನೋಯೆಲ್-ಬೇಕರ್ ಒಂದು ವರ್ಷ ಕಿರಿಯರು. ಲಂಡನ್ನಿನ ರೆಡ್ ಲಯನ್ ಚೌಕದಲ್ಲಿ 1985ರಲ್ಲಿ ಬ್ರಾಕ್‌ವೇ ಅವರ ಪ್ರತಿಮೆ ನಿಂತಾಗ ಅವರು ಇನ್ನೂ ಸಾರ್ವಜನಿಕ ಜೀವನದಲ್ಲಿ ಸಕ್ರಿಯರಾಗಿದ್ದರು. 1988ರ ಏಪ್ರಿಲ್ 28ರಂದು, ನೂರು ತುಂಬಲು ಆರು ತಿಂಗಳಿರುವಾಗ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ನೀಡಿತು.

ಅವರೂ ಅವರ ಸಂಗಾತಿಗಳೂ ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರಗಳು ಎಲ್ಲಿದ್ದವು? ಮುಚ್ಚಿದ ಕಡತಗಳಲ್ಲಿ. ವಿಂಡ್‌ಸ್ಕೇಲ್ ಬೆಂಕಿಯ ಪೂರ್ಣ ವರದಿ ಮೂವತ್ತು ವರ್ಷಗಳ ನಿಯಮದಂತೆ ಹೊರಬಂದದ್ದು 1988ರ ಜನವರಿಯಲ್ಲಿ, ಬ್ರಾಕ್‌ವೇ ತೀರಿಕೊಳ್ಳುವ ನಾಲ್ಕು ತಿಂಗಳ ಮೊದಲು. ಹೈಡ್ರೋಜನ್ ಬಾಂಬಿನ ದಾಳಿಯಾದರೆ ಬ್ರಿಟನ್ನಿಗೆ ಏನಾದೀತೆಂದು ವಿಲಿಯಂ ಸ್ಟ್ರಾತ್ ಎಂಬ ಅಧಿಕಾರಿ 1955ರಲ್ಲೇ ಸರ್ಕಾರಕ್ಕೆ ಕೊಟ್ಟಿದ್ದ ಗುಪ್ತ ವರದಿ ತೆರೆದದ್ದು 2002ರಲ್ಲಿ. ಹತ್ತು ಬಾಂಬುಗಳಿಗೆ 1 ಕೋಟಿ 20 ಲಕ್ಷ ಜನ ಸಾಯುತ್ತಾರೆ, ಇನ್ನೂ 40 ಲಕ್ಷ ಜನ ತೀವ್ರವಾಗಿ ಗಾಯಗೊಳ್ಳುತ್ತಾರೆ, ಹಲವು ಕಡೆ ಸೇನೆಯೇ ಆಡಳಿತ ವಹಿಸಿಕೊಳ್ಳಬೇಕಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಕೊವೆಂಟ್ರಿಯ ಕೌನ್ಸಿಲರುಗಳನ್ನು ಸರ್ಕಾರ ತರಾಟೆಗೆ ತೆಗೆದುಕೊಂಡು ಆಗ ಕಳೆದದ್ದು ಒಂದೇ ವರ್ಷ.